ಯೂಟ್ಯೂಬ್‌ನ ಮೇಣ, ಯಾದಗಿರಿಯ ಬಿಸಿಲು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡು ಬಸ್ಸಿನಲ್ಲಿ ಕುಂತವರಿಗೂ, ಮಧ್ಯಾಹ್ನದ ಊಟ ಮುಗಿಸಿ ಫ್ಯಾನ್ ಕೆಳಗೆ ಅಡ್ಡಾದವರಿಗೂ ನಮಸ್ಕಾರ. ಇವತ್ತಿನ ಮಾತು ಮೇಣದ್ದು. ವ್ಯಾಕ್ಸ್ ಮೆಲ್ಟ್ ಅಂತ ಇನ್‌ಸ್ಟಾಗ್ರಾಂನಲ್ಲಿ ನೋಡಿರ್ತೀರಿ. ಹೂವಿನ ಆಕಾರದ, ಹೃದಯದ ಆಕಾರದ ಸಣ್ಣ ಮೇಣದ ತುಂಡು, ಕರಗಿದರೆ ಮನೆ ತುಂಬ ಘಮ. ಮನೆಯಲ್ಲೇ ಮಾಡಿ ಮಾರಬೇಕು ಅಂತ ಹೊರಟಿರುವ ಗೆಳೆಯ ಗೆಳತಿಯರು ಬಹಳ ಮಂದಿ ಕೇಳುವ ಪ್ರಶ್ನೆ ಒಂದೇ: "ಯಾವ ಮೇಣ ತಗೋಬೇಕು?"

ಈ ಪ್ರಶ್ನೆಗೆ ನಮ್ಮ ಮನೆಯವರು ರೊಕ್ಕ ಕೊಟ್ಟು ಉತ್ತರ ಕಲಿತಿದ್ದಾರೆ. ಅದನ್ನೇ ಮೊದಲು ಹೇಳಿಬಿಡ್ತೀನಿ.

ನಾನು ಶಹಾಪುರದವನು. ನಮ್ಮ ಅಕ್ಕನನ್ನು ಸುರಪುರಕ್ಕೆ ಕೊಟ್ಟಿದ್ದೇವೆ. ಅಕ್ಕ ಮಹಿಳಾ ಸಂಘದಲ್ಲಿ 10,000 ರೂಪಾಯಿ ಸಾಲ ತಗೊಂಡು ವ್ಯಾಕ್ಸ್ ಮೆಲ್ಟ್ ಮಾಡಲು ಶುರು ಮಾಡಿದಳು. ಶುರು ಮಾಡಿದ್ದು ಡಿಸೆಂಬರ್‌ನಲ್ಲಿ. ವಿಡಿಯೊಗಳಲ್ಲಿ ಹೇಳಿದಂತೆ ಸೋಯಾ ಮೇಣ ತರಿಸಿದಳು. ಛಲೋ ಬಂದವು. ಬೆಣ್ಣೆ ಬಣ್ಣ, ನುಣುಪು, ಮಲ್ಲಿಗೆ ಘಮ. ಓಣಿಯವರು ತಗೊಂಡರು, ಸಂಘದವರು ತಗೊಂಡರು. ನಾನು ಬಿ.ಕಾಂ ಓದಿದವನು, ಲೆಕ್ಕ ಬರೆಯೋದು ನನ್ನ ಪಾಲಿಗೆ ಬಂತು.

ಏಪ್ರಿಲ್‌ನಲ್ಲಿ ಯಾದಗಿರಿಯ ಒಂದು ಮದುವೆ ಮನೆಯಿಂದ ಆರ್ಡರ್ ಬಂತು. ಬಂದ ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮದ ಜೊತೆ ಕೊಡಲು 120 ಪ್ಯಾಕ್. ಒಂದಕ್ಕೆ 60 ರೂಪಾಯಿ. ಒಟ್ಟು 7,200. ಮುಂಗಡ 3,000. ಅಕ್ಕ ನಾಲ್ಕು ರಾತ್ರಿ ನಿದ್ದೆಗೆಟ್ಟು ಮಾಡಿದಳು. ರಟ್ಟಿನ ಡಬ್ಬಿಗಳಲ್ಲಿ ತುಂಬಿ, ಮಧ್ಯಾಹ್ನದ ಹೊತ್ತು ಒಂದು ವಾಹನದಲ್ಲಿ ಹಾಕಿ ಕಳಿಸಿದೆವು.

ಸಂಜೆ ಫೋನ್ ಬಂತು. ಡಬ್ಬಿ ತೆಗೆದರೆ ಒಳಗೆ ಹೂವೂ ಇಲ್ಲ, ಹೃದಯವೂ ಇಲ್ಲ. ತುಪ್ಪದಂಥದ್ದು ಏನೋ ತೇಲಾಡ್ತಿದೆ. ಲೇಬಲ್‌ಗೆಲ್ಲ ಎಣ್ಣೆ ಹತ್ತಿದೆ. ಆ ಮನೆಯವರು ಬೈಯಲಿಲ್ಲ, ಅದು ಇನ್ನೂ ಕಷ್ಟ ಆಯ್ತು. "ಹೋಗ್ಲಿ ಬಿಡ್ರಿ, ನಾವು ಬ್ಯಾರೆ ಏನರ ಕೊಡ್ತೀವಿ" ಅಂದರು. ಮುಂಗಡ ವಾಪಸ್ ಕೊಟ್ಟೆವು. ಮೇಣ, ಸುವಾಸನೆ ಎಣ್ಣೆ, ಪ್ಯಾಕ್, ಲೇಬಲ್ ಸೇರಿ ಸಾಮಾನಿಗೇ ಹತ್ತಿರ ಹತ್ತಿರ 4,900 ರೂಪಾಯಿ ಹೋಗಿತ್ತು. ಅಕ್ಕ ಹೇಳಿದ್ದು ಎರಡೇ ಮಾತು: "ಸಾಕು ತಮ್ಮಾ. ಇದು ನಮ್ಮ ಊರಾಗ ಆಗೂ ಕೆಲಸ ಅಲ್ಲ."

ಆಗುವ ಕೆಲಸವೇ. ಆದರೆ ನಾವು ಮೇಣ ಆರಿಸಿದ್ದು ಬೇರೆಯವರ ಊರಿನ ಹವಾಮಾನಕ್ಕೆ. ಇವತ್ತು ನಾನು ಹೇಳಬೇಕಾದದ್ದು ಇಷ್ಟೇ: ಮೇಣವನ್ನು ಹೆಸರು ನೋಡಿ ಆರಿಸಬೇಡಿ, ನಿಮ್ಮ ಊರಿನ ಮೇ ತಿಂಗಳು ನೋಡಿ ಆರಿಸಿ.

ಬತ್ತಿ ಇಲ್ಲದ ಮೇಣ

ಮೊದಲು ವಸ್ತು ಏನು ಅಂತ ತಿಳ್ಕೊಳ್ಳೋಣ. ಮೇಣದಬತ್ತಿಯಲ್ಲಿ ಬತ್ತಿ ಇರುತ್ತದೆ, ಮೇಣ ಉರಿದು ಖಾಲಿಯಾಗುತ್ತದೆ. ವ್ಯಾಕ್ಸ್ ಮೆಲ್ಟ್‌ನಲ್ಲಿ ಬತ್ತಿ ಇಲ್ಲ. ಬರ್ನರ್ ಮೇಲಿನ ಬಟ್ಟಲಿನಲ್ಲಿ ತುಂಡು ಇಡ್ತೀವಿ. ಕೆಳಗೆ ಸಣ್ಣ ಟೀ ಲೈಟ್ ದೀಪ ಇರುತ್ತದೆ, ಇಲ್ಲವೇ ಕರೆಂಟಿನ ಬರ್ನರ್. ಮನೆಯಲ್ಲಿ ಕರ್ಪೂರ ಹಾಕುವ ಕರೆಂಟಿನ ಕಪೂರ್‌ದಾನಿ ಇದೆಯಲ್ಲ, ಬಹಳ ಮಂದಿ ಅದನ್ನೇ ಬಳಸ್ತಾರೆ. ಮೇಣ ಕರಗುತ್ತದೆ, ಒಳಗಿನ ಸುವಾಸನೆ ಎಣ್ಣೆ ಗಾಳಿಗೆ ಬಿಡುತ್ತದೆ. ಘಮ ಮುಗಿದ ಮೇಲೂ ಮೇಣ ಬಟ್ಟಲಲ್ಲೇ ಇರುತ್ತದೆ. ಅದನ್ನು ತೆಗೆದು ಹೊಸ ತುಂಡು ಹಾಕಬೇಕು.

ಅಂದರೆ ಇಲ್ಲಿ ಮೇಣ ಉರಿಯೋದಿಲ್ಲ, ಬರೀ ಕರಗುತ್ತದೆ. ಹೀಗಾಗಿ ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಂಕಿ ಒಂದೇ: ಮೇಣ ಎಷ್ಟು ಡಿಗ್ರಿಗೆ ಕರಗುತ್ತದೆ. ಕರಗುವ ಬಿಂದು.

ಯಾವ ಮೇಣ, ಎಷ್ಟು ಡಿಗ್ರಿ

ಸೋಯಾ ಮೇಣದಿಂದ ಶುರು ಮಾಡೋಣ. ಸೋಯಾಬೀನ್ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡಿದರೆ ಸೋಯಾ ಮೇಣ. ಡಾಲ್ಡಾ, ಅಂದರೆ ವನಸ್ಪತಿ, ತಯಾರಾಗೋದೂ ಇದೇ ವಿಧಾನದಲ್ಲಿ. ಹಾಗಾಗಿ ಸೋಯಾ ಮೇಣವನ್ನು ಡಾಲ್ಡಾದ ಗಟ್ಟಿ ತಮ್ಮ ಅಂತ ತಿಳ್ಕೊಳ್ಳಿ. ಇದು ಅಮೆರಿಕದಲ್ಲಿ 1990ರ ದಶಕದ ಆರಂಭದಲ್ಲಿ ಬಳಕೆಗೆ ಬಂದ ಮೇಣ. ಇದರಲ್ಲಿ ಎರಡು ಜಾತಿ ಇವೆ, ಇದು ನಮಗೆ ಗೊತ್ತೇ ಇರಲಿಲ್ಲ. ಗಾಜಿನ ಲೋಟಕ್ಕೆ ಸುರಿಯಲು ಮಾಡಿದ ಮೆತ್ತನೆಯದು ಸುಮಾರು 46ರಿಂದ 49 ಡಿಗ್ರಿಗೆ ಕರಗುತ್ತದೆ. ಅಚ್ಚಿನಿಂದ ತೆಗೆದು ಹಾಗೇ ನಿಲ್ಲಿಸುವ ಗಟ್ಟಿ ಸೋಯಾ 50 ದಾಟುತ್ತದೆ. ಅಕ್ಕ ತರಿಸಿದ್ದು ಮೊದಲನೆಯದು. ಲೋಟದಲ್ಲಿದ್ದರೆ ಕರಗಿದರೂ ಲೋಟದಲ್ಲೇ ಇರುತ್ತದೆ, ತಂಪಾದ ಮೇಲೆ ಮತ್ತೆ ಗಟ್ಟಿ ಆಗುತ್ತದೆ. ಹೂವಿನ ಆಕಾರಕ್ಕೆ ಆ ಭಾಗ್ಯ ಇಲ್ಲ.

ಎರಡನೆಯದು ಪ್ಯಾರಾಫಿನ್. ಕಚ್ಚಾ ತೈಲವನ್ನು ಶುದ್ಧೀಕರಿಸುವಾಗ ಸಿಗುವ ಮೇಣ. ನಮ್ಮ ದೇಶದಲ್ಲಿ ಅಸ್ಸಾಂನ ದಿಗ್ಬೋಯ್, ನುಮಾಲಿಗಢ ಹಾಗೂ ಚೆನ್ನೈನ ತೈಲ ಶುದ್ಧೀಕರಣ ಘಟಕಗಳಲ್ಲಿ ತಯಾರಾಗುತ್ತದೆ. ಅಂಗಡಿಯಲ್ಲಿ "58-60" ಅಂತ ಕೇಳಿ ನೋಡ್ರಿ, ಕೊಡ್ತಾರೆ. ಅದು ದರವೂ ಅಲ್ಲ, ನಂಬರ್ ಮಾಲೂ ಅಲ್ಲ. ಅದೇ ಕರಗುವ ಬಿಂದು. ಇನ್ನೊಂದು ಮಾತು ಕೇಳಿ: ಪೂರ್ತಿ ಶುದ್ಧೀಕರಿಸಿದ ಪ್ಯಾರಾಫಿನ್ನೇ ತಗೊಳ್ಳಿ. ಅರ್ಧ ಶುದ್ಧೀಕರಿಸಿದ್ದರಲ್ಲಿ ಎಣ್ಣೆ ಉಳಿದಿರುತ್ತದೆ, ಮೂಗಿಗೆ ಹಿಡಿದರೆ ಸೀಮೆಎಣ್ಣೆಯ ವಾಸನೆ ಬರುತ್ತದೆ. ಅದರಲ್ಲಿ ಮಲ್ಲಿಗೆ ಹಾಕಿದರೆ ಮಲ್ಲಿಗೆಯೂ ಕೆಟ್ಟಿತು.

ಮೂರನೆಯದು ಜೇನುಮೇಣ. 62ರಿಂದ 64 ಡಿಗ್ರಿ. ಬಿಸಿಲಿಗೆ ಜಗ್ಗೋದಿಲ್ಲ. ಆದರೆ ದುಬಾರಿ, ಮೇಲಾಗಿ ತನ್ನದೇ ಜೇನಿನ ವಾಸನೆ ಇದೆ. ನೀವು ಹಾಕಿದ ಸುವಾಸನೆಯ ಮೇಲೆ ಅದು ಕುಂತುಬಿಡುತ್ತದೆ.

ನಾಲ್ಕನೆಯದು ತೆಂಗಿನ ಮೇಣ. ಇದರ ಬಗ್ಗೆ ಹೆಚ್ಚು ಹೇಳಲ್ಲ. ನಿಮ್ಮ ಮನೆಯ ತೆಂಗಿನೆಣ್ಣೆ ಬಾಟಲಿಯೇ ಸಾಕ್ಷಿ. ಸುಮಾರು 24 ಡಿಗ್ರಿಗೆ ಅದು ಕರಗುತ್ತದೆ. ಜನವರಿ ಬೆಳಿಗ್ಗೆ ಬಾಟಲಿ ಬಿಸಿಲಿಗೆ ಇಡ್ತೀವಿ, ಮಾರ್ಚ್ ಬಂದರೆ ನೀರಿನಂತೆ ಬೀಳುತ್ತದೆ. ಅದನ್ನು ಗಟ್ಟಿ ಮಾಡಿ ಮಾರುವ ಮೇಣವೂ ಮೆತ್ತಗೇ. ನಮ್ಮ ಕಡೆಗೆ ಬರೀ ಅದೊಂದನ್ನೇ ನಂಬಿದರೆ ಆಗದು.

ಐದನೆಯದು ಸ್ಟಿಯರಿಕ್ ಆ್ಯಸಿಡ್. ಹೆಸರು ಕೇಳಿ ಹೆದರಬೇಡಿ, ಕೈ ಸುಡುವ ಆ್ಯಸಿಡ್ ಅಲ್ಲ. ಕೊಬ್ಬಿನಿಂದ ಬರುವ ಬಿಳಿ ಹರಳು ಅಥವಾ ಚೂರು. ಸಾಬೂನು ಮಾಡುವವರೂ ಮೇಣದಬತ್ತಿ ಮಾಡುವವರೂ ಬಳಸ್ತಾರೆ. ಹೆಚ್ಚಾಗಿ ತಾಳೆ ಎಣ್ಣೆಯಿಂದ ಮಾಡಿದ್ದು ಸಿಗುತ್ತದೆ. ಪ್ಯಾರಾಫಿನ್‌ಗೆ ಸ್ವಲ್ಪ ಹಾಕಿದರೆ ಗಟ್ಟಿ ಆಗುತ್ತದೆ, ಹಾಲಿನಂತೆ ಬೆಳ್ಳಗಾಗುತ್ತದೆ, ಅಚ್ಚಿನಿಂದ ಸಲೀಸಾಗಿ ಬಿಡುತ್ತದೆ.

ನೆಲ ಮತ್ತು ಮಾಳಿಗೆ

ಈಗ ನಮ್ಮ ಊರಿಗೆ ಬರೋಣ. ಏಪ್ರಿಲ್, ಮೇನಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬಿಸಿಲಿಗೆ ಅಂಜಿ ಸರ್ಕಾರವೇ ವೇಳೆ ಬದಲಿಸುತ್ತದೆ. ಹೊರಗೆ 42, 43 ಡಿಗ್ರಿ ಅಂದರೆ ನಮಗೆ ಸುದ್ದಿಯೇ ಅಲ್ಲ. ಸುರಪುರದಲ್ಲಂತೂ ಸುತ್ತ ಕಲ್ಲಿನ ಗುಡ್ಡ. ಹಗಲೆಲ್ಲ ಕಾದ ಕಲ್ಲು ರಾತ್ರಿ ಹತ್ತರವರೆಗೂ ಬಿಸಿ ಉಗುಳುತ್ತದೆ. ಪತ್ರಾಸ್ ಹೊದಿಸಿದ ಖೋಲಿಯ ಒಳಗಂತೂ ಹೊರಗಿಗಿಂತ ಹೆಚ್ಚು. ಬಿಸಿಲಲ್ಲಿ ನಿಲ್ಲಿಸಿ ಗಾಜು ಮುಚ್ಚಿದ ವಾಹನದ ಒಳಗೆ 60ರ ಹತ್ತಿರ ಹೋಗಬಹುದು.

46ಕ್ಕೆ ಕರಗುವ ಮೇಣ 46ರವರೆಗೆ ಕಲ್ಲಿನಂತೆ ಇದ್ದು ಆಮೇಲೆ ಕರಗುತ್ತದೆ ಅಂತ ತಿಳಿಯಬೇಡಿ. ಅದಕ್ಕಿಂತ ಎಷ್ಟೋ ಡಿಗ್ರಿ ಮೊದಲೇ ಮೆತ್ತಗಾಗುತ್ತದೆ, ಒಳಗಿನ ಎಣ್ಣೆ ಹನಿಹನಿಯಾಗಿ ಮೇಲೆ ಬರುತ್ತದೆ. ಮೇಣ ಬೆವರುತ್ತದೆ. ನಾವು ಬೆವರುವ ಊರಲ್ಲಿ ಅದೊಂದು ಬೆವರಬಾರದು ಅಂದರೆ ಹೇಗೆ?

ಅದಕ್ಕೇ ನಾನು ಅಕ್ಕನಿಗೆ ಒಂದು ನೆಲ, ಒಂದು ಮಾಳಿಗೆ ಅಂತ ಗೆರೆ ಹಾಕಿ ತೋರಿಸಿದೆ. ನೆಲ ಅಂದರೆ ಮೇಣದ ಕರಗುವ ಬಿಂದು ಇದಕ್ಕಿಂತ ಕೆಳಗೆ ಇರಬಾರದು. ನಿಮ್ಮ ಸಾಮಾನು ಇಡುವ ಜಾಗದ ಅತಿ ಹೆಚ್ಚು ಬಿಸಿಗೆ 10 ಡಿಗ್ರಿ ಕೂಡಿಸಿ. ನಮ್ಮ ಖೋಲಿ 46 ಅಂದರೆ ನೆಲ 56. ಮಾಳಿಗೆ ಅಂದರೆ ಬರ್ನರ್ ಬಟ್ಟಲಿನ ಬಿಸಿ. ಅದಕ್ಕಿಂತ ಮೇಲಿನ ಮೇಣ ತಂದರೆ ಬರ್ನರ್‌ನಲ್ಲಿ ಕರಗೋದೇ ಇಲ್ಲ, ಘಮ ಎಲ್ಲಿಂದ ಬರಬೇಕು? ಟೀ ಲೈಟ್‌ಗೆ ಗಟ್ಟಿ ಮೇಣವೂ ಕರಗುತ್ತದೆ, ಆದರೆ ಕೆಲವು ಕರೆಂಟಿನ ಬರ್ನರ್‌ಗಳು ಅಷ್ಟು ಕಾಯೋದಿಲ್ಲ. ನಮ್ಮ ಮನೆಯ ಕಪೂರ್‌ದಾನಿಯಲ್ಲಿ ಜೇನುಮೇಣ ಹೆಚ್ಚಾದ ತುಂಡು ನಡುವೆ ಮಾತ್ರ ಕರಗಿ, ಅಂಚಿಗೆ ಹಾಗೇ ಕುಂತಿತ್ತು.

ಈ ನೆಲ ಮಾಳಿಗೆ ನಡುವಿನ ಜಾಗ ನಮ್ಮ ಕಡೆ ಬಹಳ ಇಕ್ಕಟ್ಟು. ತಂಪು ದೇಶದವರಿಗೆ ಅದು ದೊಡ್ಡ ಅಂಗಳ. ಅವರು ಸೋಯಾ ಒಂದೇ ಹಾಕಿ ಆರಾಮ ಇರ್ತಾರೆ. ನಾವು ಬೆರೆಸಲೇಬೇಕು.

ಆಯಿಯ ಕರಡಿಗೆ

ಬೆರೆಸೋದು ನಮಗೆ ಹೊಸ ವಿದ್ಯೆ ಅಂತ ನಾನು ತಿಳಿದಿದ್ದೆ. ಅಲ್ಲ. ನಮ್ಮ ಅಜ್ಜಿಗೆ ನಾವು ಆಯಿ ಅಂತೀವಿ. ಆಯಿ ಹತ್ತಿರ ಒಂದು ಸಣ್ಣ ಹಿತ್ತಾಳೆ ಕರಡಿಗೆ ಇತ್ತು. ಒಂದು ಕಡೆ ಕುಂಕುಮ, ಒಂದು ಕಡೆ ಮೇಣ. ನಿಮ್ಮ ಮನೆಗಳಲ್ಲೂ ನೋಡಿರಬಹುದು. ಮೊದಲು ಹಣೆಗೆ ಬೆರಳಿನಿಂದ ಮೇಣ ಒತ್ತೋದು, ಅದರ ಮೇಲೆ ಕುಂಕುಮ. ಹೊಲದಲ್ಲಿ ದಿನವಿಡೀ ಹತ್ತಿ ಬಿಡಿಸಿ ಬಂದರೂ ಕುಂಕುಮ ಕದಲುತ್ತಿರಲಿಲ್ಲ.

ಆ ಮೇಣ ಬರೀ ಜೇನುಮೇಣ ಅಲ್ಲ. ಬರೀ ಜೇನುಮೇಣ ಚಳಿಗಾಲದಲ್ಲಿ ಕಲ್ಲಾಗುತ್ತದೆ, ಬೆರಳಿಗೆ ಬರೋದಿಲ್ಲ. ಆಯಿ ಅದನ್ನು ಬಿಸಿ ಮಾಡಿ ಎಣ್ಣೆ ಕೂಡಿಸುತ್ತಿದ್ದಳು. ಮದುವೆಯ ಆರ್ಡರ್ ಕೆಟ್ಟ ವಾರದಲ್ಲಿ ಆಯಿ ನಮ್ಮನ್ನು ನೋಡಿ ಅಂದಳು: "ಥಂಡ್ಯಾಗ ಎಣ್ಣಿ ಜಾಸ್ತಿ ಹಾಕಬೇಕು, ಬ್ಯಾಸಿಗ್ಯಾಗ ಕಡಿಮಿ. ಒಂದೇ ಅಳತಿ ವರ್ಷಪೂರ್ತಿ ನಡೀತದೇನ್ರೋ?"

ನೋಡ್ರಿ, ಎರಡು ತಿಂಗಳು ನಾನು ಹುಡುಕಿದ ಮಾತು ಅದು. ಹಣೆಯ ಮೇಲೆ ಮೇ ತಿಂಗಳ ಬಿಸಿಲಲ್ಲಿ ನಿಲ್ಲುವ ಮೇಣ ಮಾಡಿದ ಮನೆಯವರು ನಾವು, ಡಬ್ಬಿಯಲ್ಲಿ ನಿಲ್ಲುವ ಮೇಣ ಮಾಡಲು ಆಗೋದಿಲ್ಲವೇ?

ಪತ್ರಾಸ್ ಖೋಲಿಯ ಪರೀಕ್ಷೆ

ಕರಗಿಹೋದ 120 ಪ್ಯಾಕ್‌ಗಳ ಮೇಣವನ್ನು ಅಕ್ಕ ಚೆಲ್ಲಿರಲಿಲ್ಲ. ಕೆರೆದು ಒಂದು ಬೋಗುಣಿಯಲ್ಲಿ ಇಟ್ಟಿದ್ದಳು. ಕಸ ಬಿದ್ದಿಲ್ಲ ಅಂದರೆ ಮೇಣ ಮತ್ತೆ ಕರಗಿಸಿ ಬಳಸಬಹುದು. ಅದರಲ್ಲಿ ಮಲ್ಲಿಗೆ ಇದ್ದುದರಿಂದ ಮಲ್ಲಿಗೆಗೇ ಬಳಸಬೇಕು, ಅಷ್ಟೇ. ಅದರಿಂದಲೇ ಪರೀಕ್ಷೆ ಶುರು ಮಾಡಿದೆವು. ಐದು ಬೆರಕೆ, ಒಂದೊಂದರದು ಎರಡೆರಡು ತುಂಡು. ಮೇ ತಿಂಗಳಲ್ಲಿ ಪತ್ರಾಸ್ ಖೋಲಿಯ ಕಪಾಟಿನ ಮೇಲೆ ಇಟ್ಟು, ಪಕ್ಕಕ್ಕೆ ಥರ್ಮಾಮೀಟರ್ ಇಟ್ಟೆವು. ಮಧ್ಯಾಹ್ನ 2 ಗಂಟೆಗೆ 46 ತೋರಿಸಿತು.

ಒಂದು, ಪೂರ್ತಿ ಮೆತ್ತನೆ ಸೋಯಾ. ಕಥೆ ಗೊತ್ತೇ ಇದೆ, ತುಪ್ಪ.

ಎರಡು, ಪೂರ್ತಿ 58-60 ಪ್ಯಾರಾಫಿನ್. ಆಕಾರ ನಿಂತಿತು. ಬೆರಳು ಒತ್ತಿದರೆ ಸ್ವಲ್ಪ ಬಾಗುತ್ತದೆ, ಅಷ್ಟೇ. ಆದರೆ ಎಣ್ಣೆ ಹೆಚ್ಚು ಹಾಕಿದ್ದ ತುಂಡಿನಲ್ಲಿ ಎಣ್ಣೆ ಹೊರಗೆ ಬಂದಿತ್ತು. ಪ್ಯಾರಾಫಿನ್ ಸೋಯಾದಷ್ಟು ಎಣ್ಣೆ ಹಿಡಿದಿಟ್ಟುಕೊಳ್ಳೋದಿಲ್ಲ.

ಮೂರು, ಸೋಯಾ ಪ್ಯಾರಾಫಿನ್ ಅರ್ಧ ಅರ್ಧ. ಹರಿಯಲಿಲ್ಲ, ಆದರೆ ಮೇಲೆಲ್ಲ ಜಿಡ್ಡು, ಮುಟ್ಟಿದರೆ ಬೆರಳಚ್ಚು ಮೂಡಿತು.

ನಾಲ್ಕು, 60 ಭಾಗ ಪ್ಯಾರಾಫಿನ್, 35 ಭಾಗ ಸೋಯಾ, 5 ಭಾಗ ಸ್ಟಿಯರಿಕ್. ಹೂವಿನ ದಳ ದಳವೂ ನಿಂತಿತ್ತು. ಮುಟ್ಟಿದರೆ ಒಣಗಿದ್ದಂತೆ. ಬರ್ನರ್‌ನಲ್ಲೂ ಸಲೀಸಾಗಿ ಕರಗಿತು.

ಐದು, 80 ಭಾಗ ಸೋಯಾ, 20 ಭಾಗ ಜೇನುಮೇಣ. ಅಂಚುಗಳು ಮೆತ್ತಗಾಗಿ ಪ್ಲಾಸ್ಟಿಕ್‌ಗೆ ಅಂಟಿಕೊಂಡವು. ಮಲ್ಲಿಗೆ ಘಮವೂ ತಗ್ಗಿತು.

ಇಲ್ಲಿ ನಾನು ಮಾಡಿದ ಒಂದು ತಪ್ಪು ಲೆಕ್ಕ ಹೇಳಬೇಕು. ಸೋಯಾ 48, ಪ್ಯಾರಾಫಿನ್ 60, ಅರ್ಧ ಅರ್ಧ ಹಾಕಿದರೆ 54 ಅಂತ ಕಾಗದದ ಮೇಲೆ ಬರೆದಿದ್ದೆ. ಬಿ.ಕಾಂ ತಲೆ, ಸರಾಸರಿ ಹಿಡಿಯಿತು. ಮೇಣದಲ್ಲಿ ಸರಾಸರಿ ನಡೆಯೋದಿಲ್ಲ. ಬೆರಕೆಯೊಳಗೆ ಬೇಗ ಕರಗುವ ಭಾಗ ಬೇಗನೇ ಮೆತ್ತಗಾಗುತ್ತದೆ, ಅದು ಉಳಿದದ್ದನ್ನೂ ಸಡಿಲ ಮಾಡುತ್ತದೆ. ಸುವಾಸನೆ ಎಣ್ಣೆ ಸೇರಿದ ಮೇಲೆ ಇನ್ನೂ ಮೆತ್ತಗೆ. ಅದಕ್ಕೇ ಲೆಕ್ಕ ಮಾಡಿ ಬಿಡಬೇಡಿ, ಕಪಾಟಿನ ಮೇಲಿಟ್ಟು ನೋಡಿ. ಎಣ್ಣೆ ಹಾಕಿದ ತುಂಡನ್ನೇ ಇಟ್ಟು ನೋಡಿ, ಬರೀ ಮೇಣದ ತುಂಡನ್ನಲ್ಲ.

ಈಗ ಅಕ್ಕ ಎರಡು ಅಳತೆ ಇಟ್ಟಿದ್ದಾಳೆ. ಮಾರ್ಚ್‌ನಿಂದ ಜೂನ್‌ವರೆಗೆ ನಾಲ್ಕನೇ ಬೆರಕೆ. ನವೆಂಬರ್‌ನಿಂದ ಫೆಬ್ರುವರಿವರೆಗೆ 70 ಭಾಗ ಸೋಯಾ, 30 ಭಾಗ ಪ್ಯಾರಾಫಿನ್. ನಡುವಿನ ತಿಂಗಳಲ್ಲಿ ಬಿಸಿಲು ನೋಡಿಕೊಂಡು. ನಿಮ್ಮ ಊರು ಬೇರೆ, ನಿಮಗೆ ಸಿಗುವ ಮೇಣ ಬೇರೆ. ಹಾಗಾಗಿ ನಮ್ಮ ಅಂಕಿಯನ್ನು ಹಾಗೇ ಎತ್ತಿಕೊಳ್ಳಬೇಡಿ. ಪರೀಕ್ಷೆಯನ್ನು ಮಾತ್ರ ಎತ್ತಿಕೊಳ್ಳಿ.

ಮಾಡುವ ಬಗೆ, ಜಾಗ್ರತೆ

500 ಗ್ರಾಂ ಮೇಣದ ಲೆಕ್ಕ ಹೇಳ್ತೀನಿ, ಬರ್ಕೊಳ್ಳಿ. ಪ್ಯಾರಾಫಿನ್ 300 ಗ್ರಾಂ, ಸೋಯಾ 175, ಸ್ಟಿಯರಿಕ್ 25. ಸುವಾಸನೆ ಎಣ್ಣೆ 100 ಗ್ರಾಂ ಮೇಣಕ್ಕೆ 6 ಗ್ರಾಂನಂತೆ 30 ಗ್ರಾಂ. ಚಮಚದಲ್ಲಿ ಅಳೆಯಬೇಡಿ. ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಒಂದು ಇರಲಿ.

ಮೇಣದ ಪಾತ್ರೆಯನ್ನು ಎಂದೂ ನೇರವಾಗಿ ಉರಿ ಮೇಲೆ ಇಡಬೇಡಿ. ದೊಡ್ಡ ಬೋಗುಣಿಯಲ್ಲಿ ನೀರು ಕಾಯಿಸಿ, ಅದರೊಳಗೆ ಮೇಣದ ಪಾತ್ರೆ ಇಡಬೇಕು. ಮೊದಲು ಗಟ್ಟಿಯಾದದ್ದು, ಅಂದರೆ ಪ್ಯಾರಾಫಿನ್ ಮತ್ತು ಸ್ಟಿಯರಿಕ್. ಅವು ಕರಗಿದ ಮೇಲೆ ಸೋಯಾ. ಎಲ್ಲ ತಿಳಿಯಾದ ಮೇಲೆ ಒಲೆ ಆರಿಸಿ ಕೆಳಗಿಳಿಸಿ. ಸುಮಾರು 75 ಡಿಗ್ರಿಗೆ ಬಂದಾಗ ಎಣ್ಣೆ ಹಾಕಿ ಎರಡು ನಿಮಿಷ ನಿಧಾನಕ್ಕೆ ತಿರುವಬೇಕು. ಬಿಸಿ ಬಹಳ ಇದ್ದಾಗ ಹಾಕಿದರೆ ಘಮ ಒಲೆ ಹತ್ತಿರವೇ ಹಾರಿಹೋಗುತ್ತದೆ. ತಣ್ಣಗಾದ ಮೇಲೆ ಹಾಕಿದರೆ ಕೂಡೋದಿಲ್ಲ, ತಳಕ್ಕೆ ಇಳಿಯುತ್ತದೆ. ಆಮೇಲೆ ಅಚ್ಚಿಗೆ ಸುರಿಯಿರಿ.

ಚಳಿಗಾಲದಲ್ಲಿ ಅಚ್ಚನ್ನು ಶಹಾಬಾದ್ ಕಲ್ಲಿನ ನೆಲದ ಮೇಲೆ ನೇರವಾಗಿ ಇಡಬೇಡಿ. ಕಲ್ಲು ಥಣ್ಣಗಿರುತ್ತದೆ, ಮೇಣ ಥಟ್ಟಂತ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಕೆಳಗೆ ಒಂದು ಗೋಣಿ ತಟ್ಟು ಹಾಸಿದರೆ ಸಾಕು. ತುಂಡು ಗಟ್ಟಿಯಾದ ಕೂಡಲೇ ಮಾರಬೇಡಿ. ಮೇಣ ಎಣ್ಣೆ ಒಂದಕ್ಕೊಂದು ಹೊಂದಲು ದಿನ ಬೇಕು. ಪ್ಯಾರಾಫಿನ್ ಹೆಚ್ಚಿದ್ದರೆ ಮೂರು ನಾಲ್ಕು ದಿನ, ಸೋಯಾ ಹೆಚ್ಚಿದ್ದರೆ ಒಂದು ವಾರಕ್ಕೂ ಮೇಲೆ. ಉಪ್ಪಿನಕಾಯಿ ಕಳಿತಂತೆ ಅಂದ್ಕೊಳ್ಳಿ.

ಸುವಾಸನೆ ವಿಷಯದಲ್ಲಿ ಒಂದು ಮಾತು. ಮೈಗೆ ಹೊಡೆಯುವ ಸೆಂಟ್ ಹಾಕಬೇಡಿ, ಅದರಲ್ಲಿ ಆಲ್ಕೋಹಾಲ್ ಇರುತ್ತದೆ, ಬಿಸಿ ಮೇಣಕ್ಕೆ ಅದು ಅಪಾಯ. ಗುಲಾಬಿ ನೀರು ಕೂಡೋದೇ ಇಲ್ಲ. ಮೇಣಕ್ಕೆ ಅಂತಲೇ ಮಾಡಿದ ಸುವಾಸನೆ ಎಣ್ಣೆ ತಗೊಳ್ಳಿ. ಕಡಿಮೆ ದರಕ್ಕೆ "ಅಪ್ಪಟ ಗಂಧದೆಣ್ಣೆ" ಅಂತ ಕೊಟ್ಟರೆ ನಕ್ಕು ಮುಂದೆ ಹೋಗಿ. ನಿಜವಾದ ಗಂಧದೆಣ್ಣೆಯ ಬೆಲೆ ಕೆ.ಜಿ.ಗೆ ಲಕ್ಷಗಳಲ್ಲಿ ಇದೆ.

ಇದು ತಮಾಷೆ ಅಲ್ಲ, ಕೇಳಿ: ಮೇಣದಿಂದ ಹೊಗೆ ಬರಲು ಶುರುವಾದರೆ ಕೂಡಲೇ ಒಲೆ ಆರಿಸಿ. ಬೆಂಕಿ ಹತ್ತಿದರೆ ನೀರು ಹಾಕಲೇಬೇಡಿ. ಉರಿಯುವ ಮೇಣಕ್ಕೆ ನೀರು ಬಿದ್ದರೆ ಸಿಡಿದು ಮೈಮೇಲೆ ಬರುತ್ತದೆ. ಮುಚ್ಚಳ ಮುಚ್ಚಿ ಗಾಳಿ ತಪ್ಪಿಸಬೇಕು. ಮಕ್ಕಳು ಓಡಾಡುವ ಹೊತ್ತಲ್ಲಿ ಮಾಡಬೇಡಿ. ಉಳಿದ ಮೇಣವನ್ನು ಬಚ್ಚಲಿಗೆ ಸುರಿಯಬೇಡಿ, ಪೈಪಿನಲ್ಲಿ ಗಟ್ಟಿಯಾಗಿ ಕುಳಿತುಬಿಡುತ್ತದೆ. ಮನೆಯಲ್ಲಿ ದಮ್ಮು ಇದ್ದವರು, ಹಸುಗೂಸು ಇದ್ದರೆ ಯಾವ ಮೇಣದ್ದೇ ಇರಲಿ, ಘಮ ಹಗುರ ಇರಲಿ, ಕಿಟಕಿ ತೆರೆದಿರಲಿ.

ಲೆಕ್ಕದ ಪುಸ್ತಕ

ಈಗ ನನ್ನ ಕ್ಷೇತ್ರ. ನಾವು ಕೊಂಡ ದರ ಹೇಳ್ತೀನಿ, ನಿಮ್ಮಲ್ಲಿ ಹೆಚ್ಚು ಕಡಿಮೆ ಇರಬಹುದು. ಪ್ಯಾರಾಫಿನ್ ಕೆ.ಜಿ.ಗೆ 180, ಸೋಯಾ 400, ಸ್ಟಿಯರಿಕ್ 200, ಸುವಾಸನೆ ಎಣ್ಣೆ 2,500.

ಮೇಲಿನ ಅಳತೆಗೆ ಹಾಕಿ ನೋಡಿ. ಪ್ಯಾರಾಫಿನ್ 54 ರೂಪಾಯಿ, ಸೋಯಾ 70, ಸ್ಟಿಯರಿಕ್ 5, ಎಣ್ಣೆ 75. ಒಟ್ಟು 204. ಪಾತ್ರೆಗೆ ಅಂಟಿದ್ದು ಬಿಟ್ಟು 50 ಗ್ರಾಂನ 10 ಪ್ಯಾಕ್ ಬರುತ್ತವೆ. ಒಂದಕ್ಕೆ 20 ರೂಪಾಯಿ 40 ಪೈಸೆ. ಪ್ಲಾಸ್ಟಿಕ್ ಪ್ಯಾಕ್ 8, ಲೇಬಲ್ 3. ಒಟ್ಟು 31 ರೂಪಾಯಿ 40 ಪೈಸೆ. ಗ್ಯಾಸ್, ಸಾಗಣೆ, ಮುರಿದದ್ದು, ಅಕ್ಕನ ಕೂಲಿ ಇದರ ಮೇಲೆ. ನಮ್ಮ ಹೆಣ್ಣುಮಕ್ಕಳು ಮನೆಯಲ್ಲಿ ಮಾಡುವ ಕೆಲಸಕ್ಕೆ ಕೂಲಿ ಹಿಡಿಯೋದೇ ಇಲ್ಲ. ಹಿಡಿಯಿರಿ. ಇಲ್ಲದಿದ್ದರೆ ಲಾಭ ಅಂತ ಕಾಣೋದು ನಿಮ್ಮ ನಿದ್ದೆ.

ಇನ್ನೊಂದು ನೋಡಿ. ಎಲ್ಲಕ್ಕಿಂತ ಹೆಚ್ಚು ರೊಕ್ಕ ತಿನ್ನೋದು ಸುವಾಸನೆ ಎಣ್ಣೆ. ಜನ ಮೇಣದಲ್ಲಿ ಉಳಿಸಲು ಹೋಗಿ ಎಣ್ಣೆಯನ್ನು ಕಣ್ಣಳತೆಯಲ್ಲಿ ಸುರಿತಾರೆ. ಹೆಚ್ಚು ಹಾಕಿದರೆ ಹೆಚ್ಚು ಘಮ ಅನ್ನೋದು ಸುಳ್ಳು. ಮೇಣ ಹಿಡಿಯದ ಎಣ್ಣೆ ಬೆವರಾಗಿ ಹೊರಗೆ ಬರುತ್ತದೆ, ಲೇಬಲ್ ಕೆಡಿಸುತ್ತದೆ.

ಸಾಗಣೆಯಲ್ಲೂ ಎರಡು ಬದಲಾವಣೆ ಮಾಡಿದೆವು. ಪ್ಲಾಸ್ಟಿಕ್ ಪ್ಯಾಕನ್ನೇ ಅಚ್ಚು ಮಾಡಿ ಅದರೊಳಗೇ ಸುರಿತೀವಿ. ಮೆತ್ತಗಾದರೂ ಆಕಾರ ಅಲ್ಲೇ ಇರುತ್ತದೆ. ಹೂವು ಹೃದಯ ಬಿಟ್ಟೆವು, ಈಗ ಬರೀ ಚೌಕ. ಮೇಲಾಗಿ ಬೇಸಿಗೆಯಲ್ಲಿ ಮಾಲು ಹೋಗೋದು ನಸುಕಿನ ಬಸ್ಸಿಗೆ ಮಾತ್ರ. ಬೆರಕೆ ಎಷ್ಟೇ ಛಲೋ ಇರಲಿ, ಮಧ್ಯಾಹ್ನ ಗಾಜು ಮುಚ್ಚಿದ ವಾಹನದಲ್ಲಿ ಇಟ್ಟರೆ ಯಾವ ಮೇಣವೂ ಮಾತು ಕೊಡೋದಿಲ್ಲ.

ಲೇಬಲ್ ಮೇಲೆ ಏನು ಬರೆಯೋದು

ಕೊನೆಯ ಮಾತು. ಇದು ನಮ್ಮಿಬ್ಬರ ನಡುವೆ ಜಗಳ ಆದ ವಿಷಯ.

ಹಳೆಯ ಲೇಬಲ್‌ನಲ್ಲಿ "ನೈಸರ್ಗಿಕ ಸೋಯಾ ಮೇಣ" ಅಂತ ಇತ್ತು. 300 ಲೇಬಲ್ ಉಳಿದಿದ್ದವು. ಹೊಸ ಬೆರಕೆಯಲ್ಲೂ ಸೋಯಾ ಇದೆಯಲ್ಲ, ಅದನ್ನೇ ಅಂಟಿಸೋಣ ಅಂತ ನಾನು ಅಂದೆ. 900 ರೂಪಾಯಿ ಉಳಿಯುತ್ತಿತ್ತು. ಮಾರುಕಟ್ಟೆಯಲ್ಲಿ ಹೀಗೆ ಮಾಡುವವರು ಇಲ್ಲ ಅಂತೇನಿಲ್ಲ. ಸ್ವಲ್ಪ ಸೋಯಾ ಬೆರೆಸಿ ಲೇಬಲ್ ತುಂಬ ಸೋಯಾ ಅಂತ ಬರೀತಾರೆ.

ಅಕ್ಕ ಅಂದಳು: "ಅರ್ಧಕ್ಕಿಂತ ಹೆಚ್ಚು ಪ್ಯಾರಾಫಿನ್ ಹಾಕಿ ಸೋಯಾ ಅಂತ ಬರದ್ರ, ಹಾಲಿಗಿ ನೀರು ಹಾಕಿದಂಗ ಅಲ್ಲೇನೋ? ನಾಳೆ ಸಂಘದಾಗ ಯಾರರ ಕೇಳಿದ್ರ ಏನಂತ ಹೇಳ್ಲಿ?"

ಗ್ರಾಹಕರು ಓಡಿಹೋಗ್ತಾರೆ ಅಂತ ನನಗೆ ಹೆದರಿಕೆ. ಪ್ಯಾರಾಫಿನ್ ಅಂದರೆ ವಿಷ ಅಂತ ರೀಲ್ಸ್ ನೋಡಿದವರೆಲ್ಲ ಹೇಳ್ತಾರೆ. ಇಲ್ಲಿ ಇರೋ ವಿಷಯ ಸರಳ. ಪ್ಯಾರಾಫಿನ್ ಪೆಟ್ರೋಲಿಯಂನಿಂದ ಬಂದದ್ದು, ಅದು ನಿಜ, ಮುಚ್ಚಿಡಬಾರದು. ಮೇಣದಬತ್ತಿಯ ಹೊಗೆ, ಮಸಿ ಬರೋದು ಉರಿಯುವಾಗ. ವ್ಯಾಕ್ಸ್ ಮೆಲ್ಟ್‌ನಲ್ಲಿ ಮೇಣ ಉರಿಯೋದಿಲ್ಲ, ಕರಗುತ್ತದೆ ಅಷ್ಟೇ. ಗಿಡದಿಂದ ಬಂದದ್ದೇ ಬೇಕು ಅನ್ನುವವರಿಗೆ ಗಟ್ಟಿ ಸೋಯಾದಲ್ಲಿ ಬೇರೆ ಮಾಡಿಕೊಡಬಹುದು, ದರ ಹೆಚ್ಚು, ಬೇಸಿಗೆಯಲ್ಲಿ ದೂರ ಕಳಿಸಲಾಗದು. ಎರಡನ್ನೂ ಬಾಯಿ ಬಿಟ್ಟು ಹೇಳಿದರೆ ಆರಿಸುವ ಹಕ್ಕು ಕೊಳ್ಳುವವರದು.

ಜಗಳದಲ್ಲಿ ಅಕ್ಕ ಗೆದ್ದಳು. ಈಗ ಲೇಬಲ್‌ನಲ್ಲಿ "ಪ್ಯಾರಾಫಿನ್, ಸೋಯಾ, ಸ್ಟಿಯರಿಕ್ ಬೆರಕೆ" ಅಂತ ಕನ್ನಡದಲ್ಲೇ ಬರೆದಿದೆ. ಅದರ ಜೊತೆ ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಾದ ತಿಂಗಳು ಮತ್ತು ವರ್ಷ, ತಯಾರಿಸಿದವರ ಹೆಸರು, ವಿಳಾಸ. ಪ್ಯಾಕ್ ಮಾಡಿ ಮಾರುವ ವಸ್ತುವಿಗೆ ಇವು ಕಾನೂನಿನ ಪ್ರಕಾರವೇ ಬೇಕು, ಮನೆಯಲ್ಲಿ ಮಾಡಿದ್ದು ಅಂತ ಬಿಡುವ ಹಾಗಿಲ್ಲ. 300 ಹಳೆಯ ಲೇಬಲ್‌ನ ಹಿಂಬದಿಯಲ್ಲಿ ಅಕ್ಕನ ಮಗಳು ಗಣಿತ ಮಾಡ್ತಾಳೆ.

ಗ್ರಾಹಕರು ಓಡಿಹೋದರೇ? ಕೆಲವರು ಹೋದರು. ಆದರೆ ಹೋದ ಬೇಸಿಗೆಯಲ್ಲಿ ಶಹಾಪುರದ ಒಂದು ಮನೆಗೆ 40 ಪ್ಯಾಕ್ ಕೊಟ್ಟೆವು. ಬುದ್ಧ ಮಲಗಿದ ಗುಡ್ಡದ ಮೇಲೆ ಬಿಸಿಲು ಕುಣಿಯುವ ದಿನ ಅದು. ಸಂಜೆವರೆಗೆ ಅಕ್ಕ ಫೋನ್ ಕೈಯಲ್ಲೇ ಹಿಡಕೊಂಡು ಕುಂತಿದ್ದಳು. ಏಳು ಗಂಟೆಗೆ ಒಂದು ಫೋಟೊ ಬಂತು. 40 ಚೌಕ, 40ಕ್ಕೂ ಅಂಚು ಇತ್ತು. ಅಕ್ಕ ಏನೂ ಅನ್ನಲಿಲ್ಲ. ಎದ್ದು ಹೋಗಿ ಚಾ ಇಟ್ಟಳು.

ಸಂಘದ ಸಾಲದ ಕೊನೆಯ ಕಂತು ಇದೇ ಚಳಿಗಾಲದಲ್ಲಿ ಮುಗಿಯಿತು. ದೊಡ್ಡ ಲಾಭ ಅಂತ ನಾನು ಹೇಳೋದಿಲ್ಲ, ಪುಸ್ತಕ ನನ್ನ ಕೈಯಲ್ಲೇ ಇದೆ. ಆದರೆ "ನಮ್ಮ ಊರಾಗ ಆಗೂ ಕೆಲಸ ಅಲ್ಲ" ಅಂದ ಮಾತನ್ನು ಅಕ್ಕ ಮತ್ತೆ ಆಡಿಲ್ಲ.

ನೀವೂ ಮಾಡುವುದಿದ್ದರೆ ಆರ್ಡರ್ ಹಿಡಿಯುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಮನೆಯ ಅತಿ ಬಿಸಿಯಾದ ಮೂಲೆಯಲ್ಲಿ, ಅತಿ ಬಿಸಿಯಾದ ಹೊತ್ತಲ್ಲಿ, ಎಣ್ಣೆ ಹಾಕಿದ ಒಂದು ತುಂಡು ಇಟ್ಟು ಬನ್ನಿ. ಮೂರು ದಿನ ಇಡಿ. ನಿಂತರೆ ಮಾರಿ. ನಿಲ್ಲದಿದ್ದರೆ ಬೆರಕೆ ಬದಲಿಸಿ.

ನಿಮ್ಮ ಊರಿನ ಬೆರಕೆ ಯಾವುದು, ಎಷ್ಟು ಡಿಗ್ರಿಗೆ ನಿಂತಿತು ಅಂತ ವಾಯ್ಸ್ ಮೆಸೇಜ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ. ನೀರು ಕುಡೀರಿ, ಮಧ್ಯಾಹ್ನ ಹೊರಗೆ ಬೀಳಬೇಡಿ. ಬರ್ತೀನಿ ರೀ, ನಮಸ್ಕಾರ.